ಇಸ್ತ್ರಿ ಹಾಕಿದ ರೈಲು ಪತ್ರಿಕೆ

ನಮ್ಮ ಮನೆಯವರು ದರ್ಜಿ. ಬೀದಿಗೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಕತ್ತರಿಸಿ ಹೊಲಿಯುವುದು ಅವರದು. ಕಾಜಾ, ಗುಂಡಿ, ಹೆಮ್ಮಿಂಗು ನನ್ನದು. ಮಾತಿನಲ್ಲಿ ಮಾತ್ರ ಈ ಪಾಲುದಾರಿಕೆ ಇಲ್ಲ. ಅವರ ಬಾಯಿಂದ ನಾಲ್ಕು ಮಾತು ಉದುರಿದರೆ ಅದೇ ಹೆಚ್ಚು, ಮಿಕ್ಕಿದ್ದನ್ನೆಲ್ಲ ನಾನೇ ಆಡಿ ಸರಿದೂಗಿಸಬೇಕು. ಅಳತೆ ಕೊಡಲು ಬಂದವರು, ಇವರಿಗೇನು ಕೋಪ ಬಂದಿದೆಯೋ ಏನೋ ಅಂತ ನನ್ನ ಮುಖ ನೋಡುತ್ತಾರೆ. ಕೋಪವೂ ಇಲ್ಲ, ತಾಪವೂ ಇಲ್ಲ, ಮೊದಲಿಂದಲೂ ಅವರು ಹಾಗೇ.

ಇಂಥ ಮನುಷ್ಯ ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ಜಾಗ ಒಂದೇ. ಅದು ತಿಂಗಳಿಗೊಮ್ಮೆ ಬರುವ ಒಂದು ಪತ್ರಿಕೆಯ ಅಂಚು. ಪುಟಾಣಿ ರೈಲು ಕಟ್ಟುವವರಿಗೆಂದೇ ಅಚ್ಚಾಗುವ ಪತ್ರಿಕೆ. ಆಟದ ರೈಲು ಅಂದರೆ ಇವರಿಗೆ ಮೂಗಿನ ತುದಿ ಕೆಂಪಾಗುತ್ತದೆ, ಮಾದರಿ ರೈಲು ಅನ್ನಬೇಕು. ಕತ್ತರಿಸುವ ಮೇಜಿನ ಮೇಲ್ಗಡೆ ಗೋಡೆಗೆ ಹೊಡೆದ ಹಲಗೆಯ ಮೇಲೆ ಇವರದೂ ಒಂದಿದೆ. ಒಂದು ಎಂಜಿನ್ನು, ಎರಡು ಉದ್ದನೆಯ ಬೋಗಿ, ನೆಟ್ಟಗಿನ ಒಂದು ಹಳಿ. ರೈಲು ಆ ತುದಿಗೆ ಹೋಗುತ್ತದೆ, ಹಿಮ್ಮುಖವಾಗಿ ಈ ತುದಿಗೆ ಬರುತ್ತದೆ. ಹಲಗೆ ಕಿರಿದು, ತಿರುವು ಹಾಕಲು ಜಾಗ ಸಾಲದು. ರೈಲು ಒಂದು ಸುತ್ತು ಹೊಡೆಯುವುದನ್ನು ಕಣ್ಣಾರೆ ನೋಡಬೇಕು ಅನ್ನುವುದು ಇವರ ಬಹುದಿನದ ಆಸೆ.

ಪತ್ರಿಕೆಯ ವಿಷಯವೇ ಒಂದು ಸೋಜಿಗ. ಪೇಪರ್ ಅಂಗಡಿಯವನು ಒಮ್ಮೆ ನನಗೆ ಹೇಳಿದ, ಸಿನಿಮಾ ವಾರಪತ್ರಿಕೆಗಳು ಕಟ್ಟುಗಟ್ಟಲೆ ಬಂದು ಅರ್ಧಕ್ಕರ್ಧ ವಾಪಸ್ಸು ಹೋಗುತ್ತವಂತೆ. ಇದು ಬರುವುದೇ ಬೆರಳೆಣಿಕೆಯಷ್ಟು, ಆದರೆ ಒಂದೇ ಒಂದು ಪ್ರತಿ ವಾಪಸ್ಸು ಹೋದದ್ದಿಲ್ಲವಂತೆ. ಹೋಗುವುದೆಲ್ಲಿಂದ? ಒಂದೊಂದು ಪ್ರತಿಗೂ ಒಂದು ಗುಂಪೇ ಕಾದು ಕೂತಿರುತ್ತದೆ. ಇವರ ಗುಂಪಿನಲ್ಲಿ ಗಡಿಯಾರ ರಿಪೇರಿಯವರು ಕೊಂಡು ಓದಿ ಬೇಕರಿಯವರಿಗೆ ಅಂಚೆಯಲ್ಲಿ ಕಳಿಸುತ್ತಾರೆ, ಅವರು ನಮಗೆ, ನಾವು ಪಕ್ಕದ ಊರಿನ ನರ್ಸಮ್ಮನಿಗೆ. ಆಸ್ಪತ್ರೆ ಕೆಲಸದಿಂದ ನಿವೃತ್ತರಾದ ಆಕೆ ಮುಂದಿನವರಿಗೆ. ಕೊನೆಗೆ ಅದು ಗಡಿಯಾರದವರ ಕಪಾಟು ಸೇರುತ್ತದೆ. ಯಾರಿಗೂ ಸದಾ ಹಳತೇ ಸಿಗಬಾರದು ಅಂತ ಒಂದು ತಿಂಗಳು ಈ ಕಡೆಯಿಂದ ಸುತ್ತು, ಮುಂದಿನ ತಿಂಗಳು ಆ ಕಡೆಯಿಂದ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲ್ಲರೂ ಅಂಚಿನಲ್ಲಿ ಬರೆಯುತ್ತಾರೆ, ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತಾರೆ.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ನಗಾಡೋಣ ಅಂತಲೇ ಅದನ್ನು ಬಿಡಿಸಿದೆ. ಬೇಕರಿಯವರು ಕೇಕಿನ ರಟ್ಟಿನ ಡಬ್ಬಿಯಲ್ಲಿ ಸ್ಟೇಷನ್ನಿನ ಚಾವಣಿ ಮಾಡಿದ್ದನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಗಡಿಯಾರದವರು ಹಳೇ ವಾಚಿನ ಚಕ್ರಗಳನ್ನು ರೈಲ್ವೆ ಕಾರ್ಖಾನೆಯ ಯಂತ್ರ ಮಾಡಿದ್ದರು. ನರ್ಸಮ್ಮ ಹಸಿರು ಶಾಯಿಯಲ್ಲಿ, ಮುರಿದ ಕೈಗೆ ಸುತ್ತುವ ಪ್ಲಾಸ್ಟರ್ ಪಟ್ಟಿಯನ್ನು ನೆನೆಸಿ ರಟ್ಟಿನ ಮೇಲೆ ಹೊದಿಸಿದರೆ ಒಳ್ಳೇ ಗುಡ್ಡ ಆಗುತ್ತದೆ ಅಂತ ಬರೆದಿದ್ದರು. ಪ್ಲಾಸ್ಟರಿನಲ್ಲಿ ಗುಡ್ಡ! ನಾನು ದಂಗಾದೆ. ದಿನವಿಡೀ ದುಡಿದು ಸುಸ್ತಾದ ಜನ, ತಮ್ಮ ತಮ್ಮ ಕಸುಬಿನ ಚೂರುಪಾರು ತಂದು, ನೋಡದ ಯಾರಿಗೋ ಇಷ್ಟು ಆಸ್ಥೆಯಿಂದ ವಿವರಿಸುತ್ತಾರಲ್ಲ ಅಂತ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. ಅಂದು ಗುಂಡಿ ಹಚ್ಚುವ ಕೆಲಸ ಒಂದೂ ಆಗಲಿಲ್ಲ.

ಇವರು ಬರೆಯುತ್ತಿದ್ದದ್ದು ನೀಲಿ ಚಾಕ್‌ಪೀಸಿನಲ್ಲಿ. ಬಟ್ಟೆ ಮೇಲೆ ಗೆರೆ ಹಾಕುವ ಚಾಕ್‌ಪೀಸು ಸದಾ ಕಿವಿಯ ಮೇಲಿರುತ್ತದೆ, ಪೆನ್ನು ಹುಡುಕುವವರು ಯಾರು? ಇಷ್ಟವಾದ ಪುಟ ಕಂಡರೆ ಸಾಕು, ಅಂಚು ತುಂಬಾ ಬರೆದು, ಬಾಣದ ಗುರುತು ಹಾಕಿ, ಪಕ್ಕದಲ್ಲಿ ಚಿತ್ರವನ್ನೂ ಬಿಡಿಸುತ್ತಿದ್ದರು. ನನ್ನ ಹತ್ತಿರ ವರ್ಷಕ್ಕೆ ಆಡುವಷ್ಟು ಮಾತು ಒಂದು ಸಂಚಿಕೆಗೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಪ್ರತಿ ಸಲವೂ ಒಂದು ಪ್ರಶ್ನೆ ತಪ್ಪದೆ ಇರುತ್ತಿತ್ತು: ನನ್ನ ಹಲಗೆ ಕಿರಿದು, ಅಷ್ಟರಲ್ಲೇ ರೈಲನ್ನು ತಿರುಗಿಸುವುದು ಹೇಗೆ, ದಯವಿಟ್ಟು ತಿಳಿದವರು ಹೇಳಿ.

ಉತ್ತರ ಬರಲಿಲ್ಲ. ಬೇಕರಿಯವರ ಪ್ರಶ್ನೆಗೆ ಬಂತು, ಬೇರೆಯವರಿಗೆ ಬಂತು, ಇವರಿಗಿಲ್ಲ. ಪ್ರತಿ ತಿಂಗಳೂ ಲಕೋಟೆ ಒಡೆದ ಕೂಡಲೇ ಅಂಚು ಅಂಚನ್ನೂ ಹುಡುಕಿ, ಏನೂ ಇಲ್ಲ ಅಂತ ಕಂಡಾಗ ಮುಖ ಸಪ್ಪಗೆ ಮಾಡಿಕೊಂಡು ಮಷಿನ್ನಿಗೆ ಕೂರುತ್ತಿದ್ದರು. ಆದರೂ ಬಿಡದೆ ಬರೆದು, ಕಳಿಸುವ ದಿನ ಪತ್ರಿಕೆಯನ್ನು ಮುಚ್ಚಿ, ಮೇಲೊಂದು ಬಟ್ಟೆ ಹಾಸಿ ಬಿಸಿ ಇಸ್ತ್ರಿ ಹಾಕುತ್ತಿದ್ದರು. ಮುದುರಿದ್ದು ಯಾವುದೂ ನಮ್ಮ ಅಂಗಡಿಯ ಹೊಸಿಲು ದಾಟಬಾರದು, ಅದು ಇವರ ಕಾಯಿದೆ.

ಕೊನೆಗೊಂದು ದಿನ ಕತ್ತರಿ ಕೆಳಗಿಟ್ಟು ಹೇಳಿಯೇಬಿಟ್ಟರು.

"ನಾನು ಬರೆದದ್ದು ಯಾರಿಗೂ ಬೇಕಾಗಿಲ್ಲ ಕಣೇ. ಇದೊಂದು ಕೊಟ್ಟು ಗುಂಪು ಬಿಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಓದು ಬರಹ ಬಲ್ಲವರಿಗೆ ಒಂದು ಸಾಲು ಉತ್ತರ ಬರೆಯಲು ಕೈ ನೋಯುತ್ತದೆಯೇ ಅಂತ ಕೂಗಾಡಿದೆ. ಜೊತೆಗೆ ಹೆದರಿಕೆಯೂ ಆಯಿತು. ಅದೂ ಒಂದು ನಿಂತರೆ ಈ ಮನುಷ್ಯ ಪೂರ್ತಿ ಮೂಕರಾಗಿಬಿಡುತ್ತಾರಲ್ಲ! ಬಿಡುವುದನ್ನು ಅಂಚೆಯಲ್ಲಿ ಹೇಳುವುದು ಮರ್ಯಾದೆಯಲ್ಲ, ನರ್ಸಮ್ಮನ ಮನೆಗೇ ಹೋಗಿ ಕೊಡೋಣ ಅಂದರು. ನಾಲ್ಕು ಮಾತು ಬಿಗಿಯಾಗಿ ಕೇಳಿಯೇ ಬರಬೇಕು ಅಂತ ನಾನೂ ಹೊರಟೆ. ಹೊರಡುವ ಮುಂಚೆ ಇಸ್ತ್ರಿ ಮಾತ್ರ ತಪ್ಪಲಿಲ್ಲ.

ನರ್ಸಮ್ಮ ಬಾಗಿಲು ತೆಗೆದರು. ಬೆಳ್ಳಗಿನ ಕೂದಲು, ಕೈಗೆಲ್ಲ ಬಣ್ಣ. ದರ್ಜಿ ಅಂತ ಇವರು ಹೇಳಿದ್ದೇ ತಡ, ಆಕೆ ಇವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ, ಸೀದಾ ಒಳಕೋಣೆಗೆ ಎಳೆದುಕೊಂಡು ಹೋದರು. ಬೈಯಲು ಹೋದವಳು ನಾನು ಬೆಪ್ಪಾಗಿ ಹಿಂದೆ ಹೋದೆ.

ಕೋಣೆ ತುಂಬ ಒಂದು ಊರು. ಮಂಚದೆತ್ತರಕ್ಕೆ ಗೋಡೆಯಿಂದ ಗೋಡೆಗೆ ಹಲಗೆ, ಅದರ ಮೇಲೆ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಸುರಂಗ, ಕಲ್ಲುಕಂಬದ ಸೇತುವೆ, ನೀರಿನ ತೊಟ್ಟಿ, ಬೆರಳಷ್ಟುದ್ದದ ಬೆಂಚು. ಆಕೆ ಒಂದು ಗುಂಡಿ ಒತ್ತಿದರು. ರೈಲು ಸುರಂಗದಿಂದ ಬಂದು, ಸೇತುವೆ ದಾಟಿ, ನಮ್ಮ ಮುಂದೆಯೇ ತಿರುಗಿ ಹೋಯಿತು. ನನ್ನ ಬಾಯಿ ತಾನಾಗೇ ತೆರೆದುಕೊಂಡಿತು. ಇಷ್ಟು ವಯಸ್ಸಾದ ಮೇಲೆ ಯಾವುದನ್ನೂ ಹಾಗೆ ನೋಡಿದ್ದಿಲ್ಲ ನಾನು.

ಇವರು ಮಾತ್ರ ರೈಲು ನೋಡುತ್ತಿರಲಿಲ್ಲ. ಸೇತುವೆಯನ್ನು, ತೊಟ್ಟಿಯನ್ನು, ಸ್ಟೇಷನ್ನನ್ನು ಒಂದೊಂದಾಗಿ ನೋಡುತ್ತಿದ್ದರು. ಆಮೇಲೆ ನನಗೂ ಹೊಳೆಯಿತು. ಎಲ್ಲವೂ ಇವರು ಚಾಕ್‌ಪೀಸು ಹಿಡಿದು ಕೂತಿದ್ದ ಪುಟಗಳಲ್ಲಿದ್ದವು.

"ಎಲ್ಲಾ ನಿಮ್ಮ ನೀಲಿ ಪುಟದವೇ," ಅಂದರು ನರ್ಸಮ್ಮ. "ನೀವು ಮಾತಾಡೋರಲ್ಲ ಅಂತ ನಮಗೆಲ್ಲ ಗೊತ್ತು. ಒಳ್ಳೇ ಪುಟಕ್ಕೆ ಒಂದಿಷ್ಟು ನೀಲಿ ಹಚ್ಚಿ ಸುಮ್ಮನಾಗ್ತೀರಿ. ಆ ಪುಟ ಕಟ್ಟಿದ್ರೆ ಕೈ ಕೊಡಲ್ಲ."

ಒಂದಿಷ್ಟು ನೀಲಿ? ಆಕೆ ಹಳೇ ಸಂಚಿಕೆಯೊಂದನ್ನು ಬಿಡಿಸಿ ತೋರಿಸಿದರು. ಗಡಿಯಾರದವರಿಂದ ಕೇಳಿ ತರಿಸಿಕೊಂಡದ್ದಂತೆ. ಅಂಚಿನಲ್ಲಿ ಒಂದಕ್ಷರವೂ ಇರಲಿಲ್ಲ, ಮಂಜು ಕವಿದ ಹಾಗೆ ತೆಳ್ಳನೆ ನೀಲಿ ಮಚ್ಚೆ ಅಷ್ಟೆ. ನಮ್ಮದು ಇಸ್ತ್ರಿ ತಾಗಿದರೆ ಮಾಯವಾಗುವ ಚಾಕ್‌ಪೀಸು. ಹೊಲಿದ ಮೇಲೆ ಗೆರೆ ಕಾಣಬಾರದು ಅಂತ ದರ್ಜಿಗಳು ಅದನ್ನೇ ಹುಡುಕಿ ತರುತ್ತಾರೆ. ಬಟ್ಟೆಗೆ ಆಗುವುದು ಕಾಗದಕ್ಕೂ ಆಗುತ್ತದೆ ಅಂತ ಇಷ್ಟು ವರ್ಷ ನಮ್ಮಿಬ್ಬರ ತಲೆಗೂ ಹೋಗಿರಲಿಲ್ಲ. ಬರೆದದ್ದಷ್ಟನ್ನೂ ಇವರ ಕೈಯೇ ಅಳಿಸಿ ಕಳಿಸುತ್ತಿತ್ತು.

ನರ್ಸಮ್ಮ ಫೋಟೋಗಳನ್ನು ತಂದರು. ಬೇಕರಿಯವರ ಮನೆಯ ರೈಲು, ಗಡಿಯಾರದವರದು, ನಾವು ಹೆಸರೇ ಕೇಳದ ಇನ್ನೊಬ್ಬರದು. ಎಲ್ಲದರಲ್ಲೂ ಅದೇ ಸೇತುವೆ, ಅದೇ ತೊಟ್ಟಿ. ಈ ಸಲ ನೀಲಿ ಯಾವ ಪುಟಕ್ಕೆ ಅಂತ ಫೋನಿನಲ್ಲಿ ಕೇಳಿಕೊಳ್ಳುತ್ತಾರಂತೆ. ಇವರಿಗೆ ಮುಜುಗರ ಆದೀತು ಅಂತ ಅಂಚಿನಲ್ಲಿ ಮಾತ್ರ ಯಾರೂ ಬರೆದಿಲ್ಲ. ಒಂದು ಗೋಪುರ ಸ್ವಲ್ಪ ವಾಲಿಕೊಂಡಿತ್ತು. ಬಿದ್ದೂ ಬಿದ್ದೂ ಎರಡು ಸಲ ಕಟ್ಟಿದೆ, ನೀಲಿ ಇತ್ತಲ್ಲ ಅಂತ ಬಿಡಲಿಲ್ಲ ಅಂದರು ಆಕೆ. ಆ ಪುಟದಲ್ಲಿ ಇವರು ಬರೆದದ್ದು, ಇದು ಖಂಡಿತ ನಿಲ್ಲುವುದಿಲ್ಲ, ಯಾರೂ ಕಟ್ಟಬೇಡಿ ಅಂತ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ನಡೆದದ್ದನ್ನು ಹೇಳಿಬಿಡೋಣ ಅಂತ ಬಾಯಿ ತೆರೆದೆ. ಇವರು ನನ್ನ ಮೊಣಕೈ ಮುಟ್ಟಿ ಬೇಡ ಅಂದರು. ಇವರ ಕಣ್ಣು ತುಂಬಿತ್ತು. ಯಾರಿಗೂ ಬೇಡವಾದೆ ಅಂದುಕೊಂಡ ಮನುಷ್ಯ ಇಷ್ಟು ಮನೆಗಳಲ್ಲಿ ಸೇತುವೆ ಕಟ್ಟಿಸಿದ್ದರು. ಗುಂಪು ಬಿಡುವ ಮಾತು ಇವರು ಎತ್ತಲೇ ಇಲ್ಲ. ಕೈಯಲ್ಲಿದ್ದ ಸಂಚಿಕೆಯನ್ನು ಆಕೆಗೆ ಕೊಟ್ಟು ಕೇಳಿದರು.

"ನಿಮ್ಮನ್ನ ಒಂದು ಕೇಳಬೇಕಿತ್ತು. ನನ್ನ ಹಲಗೆ ಕಿರಿದು. ಅಷ್ಟರಲ್ಲೇ ರೈಲು ತಿರುಗಿಸೋದು ಹೇಗೆ?"

"ಅದೇನು ಮಹಾ? ಉದ್ದನೆ ಬೋಗಿ ತೆಗೆದು ಗಿಡ್ಡವು ಹಾಕಿ. ಎಷ್ಟು ಬಿಗಿಯಾದ ತಿರುವಾದ್ರೂ ತಿರುಗುತ್ತೆ. ಮೊದಲೇ ಕೇಳಬಾರದಿತ್ತಾ?"

ಇವರು ನಕ್ಕರು. ಸದ್ದು ಮಾಡಿ ನಕ್ಕರು.

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಪೆನ್ಸಿಲ್ ತಗೊಳ್ಳೋಣವಾ ಅಂದೆ. ಪ್ರಶ್ನೆ ಕೇಳೋಕೆ ಒಂದಿರಲಿ, ಉಳಿದದ್ದಕ್ಕೆ ಚಾಕ್‌ಪೀಸೇ ಸಾಕು ಅಂದರು. ಆಮೇಲೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಶುರುಮಾಡಿದರು: ಹಲಗೆಯ ಈ ತುದಿಗೆ ಒಂದು ತಿರುವು, ಆ ತುದಿಗೆ ಒಂದು, ನಡುವೆ ಸ್ಟೇಷನ್ನು, ಅದರ ಪಕ್ಕ ಒಂದು ದರ್ಜಿ ಅಂಗಡಿ, ಒಳಗೆ ಪರದೆ, ಪರದೆಗೆ ಹೆಮ್ಮಿಂಗು ನೀನೇ ಹಾಕಬೇಕು. ನಮ್ಮ ಊರು ಬರುವವರೆಗೂ ಅವರು ಬಾಯಿ ಮುಚ್ಚಲಿಲ್ಲ. ನಾನು ಪಕ್ಕದಲ್ಲಿ ತುಟಿ ಪಿಟಿಕ್ಕೆನ್ನದೆ ಕೇಳುತ್ತಾ ಕೂತಿದ್ದೆ.