ಮಂಗಟ್ಟೆಯ ಮರಕ್ಕೆ ಕಟ್ಟಿದ ಮೈಕ್

ಮೈಕಿನ ಹಾರ್ನನ್ನು ಗೂಡಿನ ಮರಕ್ಕೇ ಕಟ್ಟು ಎಂದರು ಹಕ್ಕಿ ಬಳಗದ ಅಧ್ಯಕ್ಷರು. ನಾನು ಆಗಲೇ ಏಣಿ ಹತ್ತಿದ್ದೆ. ಕೆಳಗೆ ತೋಟದ ಮನೆಯ ಅಕ್ಕ ಬೇಡ ಎಂದು ಕೈ ಆಡಿಸುತ್ತಿದ್ದರು. ಆಚೆಯ ತೆಂಗಿನ ಮರಕ್ಕೆ ಕಟ್ಟಿದರೆ ಸಾಲದೇ ಎಂದು ಅವರು ಕೇಳಿದರು. ಸಾಲದಂತೆ, ಹಿಂದಿನ ಸಾಲಿನವರಿಗೆ ಕೇಳುವುದಿಲ್ಲವಂತೆ. ಹಿಂದಿನ ಸಾಲಿನಲ್ಲಿ ಇದ್ದದ್ದು ಖಾಲಿ ಕುರ್ಚಿ.

ನನ್ನದು ಮೈಕ್ ಸೆಟ್ಟಿನ ಕೆಲಸ. ಶಾಲೆ ಎಂಟನೆಗೆ ಬಿಟ್ಟೆ. ಮದುವೆ, ಭೂತಕೋಲ, ಕಬಡ್ಡಿ, ಯಾರು ಕರೆದರೂ ಹೋಗುತ್ತೇನೆ. ಹಕ್ಕಿಗೆ ಮೈಕ್ ಕಟ್ಟಲು ಹೋದದ್ದು ಅದೇ ಮೊದಲು.

ಇಚಿಲಂಪಾಡಿಯ ಆ ತೋಟದ ಬದಿಯಲ್ಲಿ ಒಂದು ದೊಡ್ಡ ಹೆಬ್ಬಲಸಿನ ಮರ ಉಂಟು. ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡು. ಹೆಣ್ಣು ಒಳಗೆ ಕೂತು ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಅದು ಬಾರದಿದ್ದರೆ ಒಳಗಿನದ್ದಕ್ಕೆ ಉಪವಾಸ. ಮರಿಯೂ ಆಗಿದೆ, ಸ್ವರ ಕೇಳುತ್ತದೆ ಎಂದು ಅಕ್ಕ ಹೇಳಿದರು. ಹಕ್ಕಿ ನೋಡಿ ಹೋಗುತ್ತೇವೆ ಎಂದು ಪುತ್ತೂರಿನ ಈ ಬಳಗದವರು ಕೇಳಿದ್ದಕ್ಕೆ ಅಕ್ಕ ಹೂಂ ಎಂದಿದ್ದರು. ನೋಡಿ ಹೋಗುವುದು ಎಂದರೆ ಶಾಮಿಯಾನ ಹಾಕುವುದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಊರಿನವರ ರೋಗವೇ ಅದು. ನಾಲ್ಕು ಜನ ಸೇರಿದರೆ ಸಭೆ ಆಗಬೇಕು. ವೇದಿಕೆ ಬೇಕು, ಪ್ರಾರ್ಥನೆ ಬೇಕು, ಗಾಳಿಗೆ ಆರುವ ದೀಪವನ್ನು ಐದು ಜನ ಸೇರಿ ಹಚ್ಚಬೇಕು. ಹಕ್ಕಿ ಸಂರಕ್ಷಣೆ ಎಂದು ಬರೆದ ಫ್ಲೆಕ್ಸನ್ನು ಅದೇ ಹೆಬ್ಬಲಸಿಗೆ ಮೊಳೆ ಹೊಡೆದು ಕಟ್ಟಿದ್ದರು. ಹಕ್ಕಿಯ ಚಿತ್ರ ಸಣ್ಣದು, ಅಧ್ಯಕ್ಷರ ಚಿತ್ರ ದೊಡ್ಡದು.

ಬಂದವರಲ್ಲಿ ಅರ್ಧ ಜನ ಮಿಲಿಟರಿ ಬಣ್ಣದ ಅಂಗಿ ಹಾಕಿದ್ದರು. ಹಕ್ಕಿಗೆ ಕಾಣಬಾರದಂತೆ. ತೋಳಿನಷ್ಟು ಉದ್ದದ ಕ್ಯಾಮೆರಾ ಹಿಡಿದು ಗೂಡಿನ ಎದುರು ಸಾಲಾಗಿ ನಿಂತು, ಯಾರ ಲೆನ್ಸು ದೊಡ್ಡದು ಎಂದು ಗಟ್ಟಿಯಾಗಿ ಚರ್ಚೆ ಮಾಡುತ್ತಿದ್ದರು.

ಸುಳ್ಯದಿಂದ ಬರಬೇಕಾದ ಮುಖ್ಯ ಅತಿಥಿ ತಡ ಮಾಡಿದರು. ಜನಕ್ಕೆ ಬೇಜಾರಾಗುತ್ತದೆ, ಹಾಡು ಹಾಕು ಎಂದರು ಅಧ್ಯಕ್ಷರು. ಬೇಕಾ ಎಂದು ಕೇಳಿದೆ. ಹೇಳಿದಷ್ಟು ಮಾಡು ಎಂದರು. ಹಾಕಿದೆ. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಗಂಡು ಬಂತು. ಆಚೆಯ ಮಾವಿನ ಕೊಂಬೆಯಲ್ಲಿ ಕೂತಿತು. ಕೊಕ್ಕಿನಲ್ಲಿ ಹಣ್ಣಿತ್ತು. ಎಲ್ಲರೂ ಒಟ್ಟಿಗೆ ಆ ಕಡೆ ಓಡಿದರು. ಅದು ಹಣ್ಣು ಸಮೇತ ಹಾರಿ ಹೋಯಿತು. ಆಮೇಲೆ ಮತ್ತೊಮ್ಮೆ ಬಂದು ದೂರದಿಂದಲೇ ತಿರುಗಿತು.

ಅಕ್ಕ ದನದ ಹಟ್ಟಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಬೆಳಗ್ಗಿಂದ ಒಳಗಿನದ್ದಕ್ಕೆ ಒಂದು ಹಣ್ಣು ಸಿಗ್ಲಿಲ್ಲ ಮಾರಾಯ," ಎಂದರು ನನ್ನ ಹತ್ತಿರ. "ಇವರಿಗೆ ಮಾತ್ರ ಸಜ್ಜಿಗೆ ಅವಲಕ್ಕಿ ಎರಡೆರಡು ಸಲ ಆಯ್ತು."

ಅತಿಥಿ ಬಂದರು. ಅವರಿಗೆ ಶಾಲು ಹೊದಿಸಿದರು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟರು. ಮಿಲಿಟರಿ ಅಂಗಿಯ ಒಬ್ಬನಿಗೂ ಸನ್ಮಾನ ಆಯಿತು. ಹಕ್ಕಿಗೆ ಕಾಣಬಾರದು ಎಂದು ಬಂದವನು ಕೇಸರಿ ಶಾಲು ಹೊದ್ದು ಗೂಡಿನ ಬುಡದಲ್ಲಿ ಹಲ್ಲು ಬಿಟ್ಟು ನಿಂತ. ಫೋಟೋ ತೆಗೆದರು.

ಆಮೇಲೆ ಅಧ್ಯಕ್ಷರು ಮೈಕ್ ಹಿಡಿದರು. ಮನುಷ್ಯನಿಗೆ ವಿಷಯ ಎಲ್ಲ ಗೊತ್ತಿತ್ತು, ಅದೇ ನನಗೆ ಹೆಚ್ಚು ಅಸಹ್ಯ ಆದದ್ದು. ಈ ಹಕ್ಕಿಗೆ ಗಲಾಟೆ ಆಗಿಬರುವುದಿಲ್ಲ, ಗಂಡು ಹೆದರಿದರೆ ಗೂಡಿಗೆ ಬರುವುದಿಲ್ಲ, ಬಾರದಿದ್ದರೆ ತಾಯಿ ಮರಿ ಎರಡೂ ಒಳಗೇ ಸಾಯುತ್ತವೆ ಎಂದರು. ಹಾರ್ನ್ ಅದನ್ನೇ ಪೊಟರೆಯ ಬುಡದಲ್ಲಿ ಕಿರುಚಿತು. ಜನ ಚಪ್ಪಾಳೆ ತಟ್ಟಿದರು.

ನಾನು ವಯರ್ ಕಿತ್ತೆ.

ಅಧ್ಯಕ್ಷರು ಮೈಕಿಗೆ ಎರಡು ಸಲ ಕುಟ್ಟಿ ನೋಡಿದರು. "ಎಂತ ಆಯ್ತು? ಕರೆಂಟ್ ಹೋಯ್ತಾ?"

"ಇಲ್ಲ, ನಾನು ತೆಗೆದದ್ದು. ನೀವು ಹೇಳಿದ್ದು ಕೇಳಿಯೇ ತೆಗೆದದ್ದು."

"ಧನ್ಯವಾದ ಬಾಕಿ ಉಂಟು ಮಾರಾಯ. ಎರಡು ನಿಮಿಷ ಕೊಡು."

ಅಷ್ಟರಲ್ಲಿ ಅಕ್ಕ ಶಾಮಿಯಾನದ ಒಳಗೆ ಬಂದಿದ್ದರು. ಸ್ವರ ಏರಿಸಲಿಲ್ಲ. "ಧನ್ಯವಾದ ರಸ್ತೆಯಲ್ಲಿ ಹೇಳಿ. ಈಗ ಏಳಿ ಇಲ್ಲಿಂದ."

ಎದ್ದರು. ಅತಿಥಿ ಜೀಪು ಹತ್ತುವಾಗ ಹಕ್ಕಿ ಎಲ್ಲಿ ಎಂದು ಕೇಳಿದರು.

ನಾನು ಹಾರ್ನ್ ಇಳಿಸಿ, ಫ್ಲೆಕ್ಸ್ ಹರಿದು, ಮೊಳೆ ಕಿತ್ತೆ. ವಯರ್ ಸುತ್ತುವುದು ಆಮೇಲೆ ಮಾಡು, ಮರದ ಹತ್ತಿರ ಓಡಾಡಬೇಡ ಎಂದರು ಅಕ್ಕ. ಜಗಲಿಯಲ್ಲಿ ಕೂತೆವು. ಊಟ ಆಯಿತು, ಬಿಸಿಲು ಇಳಿಯಿತು. ಗಂಡು ಬರಲಿಲ್ಲ. ಅಕ್ಕ ಅಡಿಕೆ ಸುಲಿಯುತ್ತಾ ಮರದ ಕಡೆಗೇ ನೋಡುತ್ತಿದ್ದರು. ಇದನ್ನು ನೋಡಲು ಕ್ಯಾಮೆರಾದವರು ಒಬ್ಬರೂ ಇರಲಿಲ್ಲ. ಅವರಿಗೆ ಬೇಕಾದದ್ದು ಶಾಲಿನ ಜೊತೆಗೇ ಸಿಕ್ಕಿ ಆಗಿತ್ತು.

ದನ ಕಟ್ಟುವ ಹೊತ್ತಿಗೆ ರೆಕ್ಕೆಯ ಬರಬರ ಸದ್ದು ಕೇಳಿತು. ಗಂಡು ಮೊದಲು ಮಾವಿನಲ್ಲಿ ಕೂತು ಸುತ್ತ ನೋಡಿತು. ಆಮೇಲೆ ಹೆಬ್ಬಲಸಿಗೆ ಹಾರಿತು. ಸೀಳಿನಿಂದ ಕೊಕ್ಕಿನ ತುದಿ ಹೊರಗೆ ಬಂತು. ಗಂಡು ಗಂಟಲಿನಿಂದ ಹಣ್ಣು ತೆಗೆದು ತೆಗೆದು ಕೊಟ್ಟಿತು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಆಗಲೇ ಅಧ್ಯಕ್ಷರ ಫೋನ್. ಕೋಪ ಇಳಿದಿತ್ತು.

"ಹಕ್ಕಿ ವಾಪಸ್ ಬಂತಾ? ಬಂದಿದ್ರೆ ಬರುವ ಆದಿತ್ಯವಾರ ಉಳಿದ ಕಾರ್ಯಕ್ರಮ ಮುಗಿಸುವ."

"ಬರ್ಲಿಲ್ಲ," ಎಂದೆ. "ಇನ್ನು ಬರುದೂ ಇಲ್ಲ."

"ಛೆ," ಎಂದರು. ಹಾಗಾದರೆ ನರಿಮೊಗರಿನಲ್ಲಿ ಗುಬ್ಬಚ್ಚಿಯದ್ದು ಮಾಡುತ್ತೇವೆ, ಮೈಕ್ ತೆಗೆದುಕೊಂಡು ಬಾ ಎಂದರು. ಫೋನ್ ಇಟ್ಟೆ.

ಇದು ಹೋದ ವರ್ಷದ ಕತೆ, ಆ ಮರಿ ಹಾರಿ ಹೋಗಿದೆ. ಮಂಗಟ್ಟೆ ಈ ವರ್ಷವೂ ಅಲ್ಲೇ ಉಂಟು. ಯಾವ ತೋಟ ಎಂದು ಕೇಳಬೇಡಿ, ಊರು ಹೇಳಿದ್ದೇ ಹೆಚ್ಚಾಯಿತು.