ಇನ್ನೊಬ್ಬರು ಕಟ್ಟಿದ ಗಂಟು

ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಗಂಟಣ್ಣನನ್ನು ಅವನ ನಿಜವಾದ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ಅವನ ಕಸುಬು. ಮಾಳಿಗೆಯ ಮೇಲಿನ ಕಂಬಕ್ಕೆ ಹಗ್ಗ ಬಿಗಿದು, ಆ ಹಗ್ಗಕ್ಕೆ ತೂಗುಬಿಟ್ಟ ಹಲಗೆಯ ಮೇಲೆ ಕುಳಿತು, ಡಬ್ಬಿ ಕುಂಚಗಳೊಡನೆ ಗೋಡೆಯುದ್ದಕ್ಕೂ ಇಳಿಯುತ್ತಾನೆ. ಇಳಿಯುವವನೇ ತನ್ನ ಗಂಟು ಕಟ್ಟಿಕೊಳ್ಳಬೇಕು. ಕಟ್ಟಿದ ಮೇಲೆ ಬೇರೆಯವರ ಬೆರಳು ತಾಗಿದರೂ ಸಾಕು, ಪೂರ್ತಿ ಬಿಚ್ಚಿ ಮೊದಲಿನಿಂದ ಕಟ್ಟಬೇಕು. ಇದು ಅವನ ಶಾಸನ. ನಮ್ಮ ಶಾಲೆಗೆ ಬಣ್ಣ ಬಳಿಯುತ್ತಿದ್ದಾಗ ಮುಖ್ಯೋಪಾಧ್ಯಾಯರು ಗಟ್ಟಿಯಾಗಿದೆಯೇ ನೋಡೋಣವೆಂದು ಗಂಟಿನ ಮೇಲೆ ಕೈಯಿಟ್ಟರು. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ ಕೆಳಗೆ ಬಾಗಿ, "ರೀ, ದೊಡ್ಡ ಮೇಷ್ಟ್ರು ಮುಟ್ಟಿದ್ರು!" ಎಂದು ಕೂಗಿದಳು. ಅರ್ಧ ಗೋಡೆ ಇಳಿದಿದ್ದವನು ಹತ್ತಿ ಬಂದು, ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದನು.

ಅಂಥವನ ಅನುಮಾನ ಹಗ್ಗದಲ್ಲಿಯೇ ನಿಲ್ಲುವುದುಂಟೇ? ಹಾಲಿನವನು ನಕ್ಕರೆ, ಇಂದು ನೀರು ಹೆಚ್ಚು ಬೆರೆಸಿದ್ದಾನೆ ಎನ್ನುವನು. ನಗದಿದ್ದರೆ, ನಿನ್ನೆ ಬೆರೆಸಿದ್ದು ಗೊತ್ತಾಯಿತೆಂದು ಮುಖ ಊದಿಸಿಕೊಂಡಿದ್ದಾನೆ ಎನ್ನುವನು. ಲೋಕದಲ್ಲಿ ಅವನು ಪೂರ್ತಿ ನಂಬಿದ ಜೀವ ಒಂದೇ, ಹೆಂಡತಿ. ಬುತ್ತಿ ಕಟ್ಟಿಕೊಂಡು ಬಂದು, ಕೊಡೆ ಬಿಚ್ಚಿ, ಬಟಾಣಿ ಸುಲಿಯುತ್ತ, ಅವನು ನೆಲ ಮುಟ್ಟುವವರೆಗೆ ಆ ಗಂಟನ್ನು ಕಾಯುವುದು ಆಕೆಯ ಕೆಲಸ. ಆಯುಷ್ಯದ ಒಳ್ಳೆಯ ಭಾಗವೆಲ್ಲ ಆಕೆಗೆ ಹೀಗೆಯೇ ಕಳೆಯಿತು.

ಆಕೆಯ ತಮ್ಮ ಹೊರದೇಶದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಾನೆ. ಈಚೆಗೆ ಅಕ್ಕ ಭಾವಂದಿರನ್ನು ಕರೆಸಿಕೊಂಡಿದ್ದನು. ಅಲ್ಲಿ ನಡೆದುದನ್ನು ಗಂಡಹೆಂಡಿರು ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡನ್ನೂ ಹೊಂದಿಸಿ ಬರೆಯುತ್ತಿದ್ದೇನೆ.

ಅಂಗಡಿಯ ಎದುರಿನ ಗೋಡೆಯ ಮೇಲೆ ಒಂದು ಚಿತ್ರವಿತ್ತು. ವಿಮಾನದಿಂದ ಇಬ್ಬರು ಹಾರುತ್ತಿದ್ದಾರೆ. ಹೊಸಬಳೊಬ್ಬಳನ್ನು ಬಲ್ಲವನೊಬ್ಬ ತನ್ನ ಎದೆಗೆ ಕಟ್ಟಿಕೊಂಡಿದ್ದಾನೆ. ಆಕೆ ಅದನ್ನು ದಿನವೂ ನೋಡಿ, ಕೊನೆಗೆ ಒಂದು ಬೆಳಗ್ಗೆ, ತಮ್ಮನು ಗಿರಾಕಿಗಳ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿರುವಾಗ, "ನಾನೂ ಒಂದ್ಸಲ ಹಾರ್ಬೇಕು ಕಣೋ" ಎಂದಳು.

"ಅದಕ್ಕೇನಕ್ಕ, ಶನಿವಾರ ಹೋಗೋಣ" ಎಂದನು ತಮ್ಮ. ಊರಿಗೆ ಮರಳುವ ಮೊದಲು ಉಳಿದಿದ್ದ ಬಿಡುವಿನ ದಿನ ಅದೊಂದೇ.

"ಅವಳನ್ನ ಕಟ್ಟೋದು ಯಾರು?" ಎಂದನು ಗಂಟಣ್ಣ.

"ಅಲ್ಲಿಯವರೇ, ಭಾವ."

"ಅಲ್ಲಿಯವರು ಅಂದ್ರೆ? ರಾತ್ರಿ ನಿದ್ದೆ ಮಾಡಿರ್ತಾನಾ? ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದಿರ್ತಾನಾ?"

"ಜಾತಕ ತರಿಸ್ಲಾ?"

"ನಿನಗ್ಯಾಕೆ ಇಷ್ಟು ಉತ್ಸಾಹ? ಅವರೇನು ನಿನ್ನ ಗಿರಾಕಿಗಳಾ?"

ಮೈದುನ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದನು. "ಹೂಂ. ಅವರ ಬಟ್ಟೆ ಒಗೆಯೋದು ನಾನೇ."

"ನೋಡಿದ್ಯೇನೇ! ಬೆಕ್ಕು ಕಣ್ಮುಚ್ಚಿ ಹಾಲು ಕುಡೀತಿದೆ!"

"ಅಯ್ಯೋ ಭಾವ, ಹಾರಿದವರೆಲ್ಲ ಸತ್ರೆ ನನಗೆ ಒಗೆಯೋಕೆ ಬಟ್ಟೆ ಎಲ್ಲಿಂದ ಬರುತ್ತೆ?"

ಹೆಂಡತಿ ನಗಲಿಲ್ಲ. "ನಿಮ್ಮ ಹಗ್ಗದ ಮೇಲಿನ ತುದಿ ನೋಡಿ ನೋಡಿ ನನಗೆ ಸಾಕಾಗಿದೆ. ಕೆಳಗಿನ ತುದಿ ಹೇಗಿರುತ್ತೆ ಅಂತ ಗೊತ್ತಾಗ್ಲಿ. ಹಲಗೆ ಮೇಲೆ ಕೂರಿಸಿ ಅಂತ ಎಷ್ಟು ಸಲ ಕೇಳಿಲ್ಲ? ಒಂದು ದಿನ ಕೂರಿಸಿದ್ರಾ?"

"ನೀನು ಇಳಿದ್ರೆ ಗಂಟು ಯಾರು ಕಾಯ್ತಾರೆ?"

"ಅದೇ ನೋಡಿ" ಎಂದು ಆಕೆ ಎದ್ದು ಒಳಗೆ ಹೋದಳು.

ಗಂಟಣ್ಣನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ, ಸರಿಯೆನ್ನಲು ಮನಸ್ಸು ಬರಲಿಲ್ಲ. ಒಗೆದ ಬಟ್ಟೆ ತಲಪಿಸುವ ನೆಪದಲ್ಲಿ ಮೈದುನನ ವ್ಯಾನು ಹತ್ತಿ, ಹಾರಿದವರು ಬಂದಿಳಿಯುವ ಬಯಲನ್ನು ತಾನೇ ನೋಡಿಬಂದನು. ಇಳಿದವರೆಲ್ಲರೂ ಹಲ್ಲು ಕಿರಿಯುತ್ತಿದ್ದರು. ಅದೂ ಅವನಿಗೆ ಹಿಡಿಸಲಿಲ್ಲ. "ಬದುಕಿಬಿಟ್ವಲ್ಲ ಅಂತ ನಗ್ತಾರೆ ಕಣೋ. ಬದುಕೋದು ಖಾತ್ರಿ ಇದ್ದಿದ್ರೆ ನಗೋದೇನಿತ್ತು?" ಎಂದನು. ಆಗಸದಲ್ಲಿ ಬಿಚ್ಚಿಕೊಳ್ಳುವ ಆ ದೊಡ್ಡ ಕೊಡೆಯನ್ನು ಚೀಲದೊಳಗೆ ಮಡಿಸಿಡುವವರು ಮಾತಾಡುತ್ತ ಮಡಿಸುತ್ತಾರೋ ಬಾಯಿಮುಚ್ಚಿ ಮಡಿಸುತ್ತಾರೋ ಎಂದು ಕಿಟಕಿಯಲ್ಲಿ ಇಣುಕಿಯೂ ನೋಡಿದನು. ಮನೆಗೆ ಬಂದರೆ ಹೆಂಡತಿ ಮಂಚದ ಮೇಲೆ ಬೋರಲಾಗಿ ಮಲಗಿ, ಆ ಚಿತ್ರದಲ್ಲಿ ಹಾರುತ್ತಿದ್ದವಳ ಹಾಗೆ ಕೈಕಾಲುಗಳನ್ನು ಮೇಲಕ್ಕೆತ್ತಿ ದೋಣಿಯಂತೆ ಬಾಗಿದ್ದಾಳೆ!

"ಏನೇ ಇದು?"

"ಸೊಂಟನೋವಿಗೆ ವ್ಯಾಯಾಮ."

"ಸೊಂಟನೋವು ಯಾವಾಗಿನಿಂದ?"

"ನಿಮ್ಮ ಗಂಟು ಕಾಯೋಕೆ ಕೂತಾಗಿನಿಂದ."

ಶನಿವಾರ ಬಂದಿತು. ಆಕೆಯೊಡನೆ ಹಾರಬೇಕಾದವನು ಕೆಂಪು ಗಡ್ಡದ ಆಳು. ಅವನು ಆಕೆಯ ಹೆಗಲಿಗೂ ತೊಡೆಗೂ ಪಟ್ಟಿಗಳನ್ನು ತೊಡಿಸಿ, ಎಳೆದು ನೋಡಿ, ಹಾರುವಾಗ ಹಾಕಿಕೊಳ್ಳುವ ಕನ್ನಡಕ ತರಲು ತಿರುಗಿದನು. ಆಕೆಯ ಸೊಂಟದ ಬಳಿ ಒಂದು ಪಟ್ಟಿಯ ತುದಿ ಸಡಿಲವಾಗಿ ತೂಗುತ್ತಿತ್ತು. ಗಂಟಣ್ಣ ಯೋಚಿಸಲಿಲ್ಲ, ಕೈಯೇ ಮುಂದೆ ಹೋಯಿತು. ತನ್ನ ಎರಡು ಸುತ್ತಿನ ಗಂಟನ್ನು ಹಾಕಿ ಬಿಗಿದುಬಿಟ್ಟನು.

ಕೆಂಪುಗಡ್ಡ ಮರಳಿ ಬಂದು ಅದನ್ನು ಕಂಡನು. ನಗೆ ಅಲ್ಲಿಯೇ ಆರಿತು. ಅವನು ಕೇಳಿದ್ದನ್ನು ಮೈದುನ ಹೇಳಿದನು: "ಇದನ್ನ ಮುಟ್ಟಿದ್ದು ಯಾರು ಅಂತಿದ್ದಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಗಂಟಣ್ಣ ತನ್ನ ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡನು. ಕೆಂಪುಗಡ್ಡ ಆಕೆಯ ಮೈಮೇಲಿನ ಪಟ್ಟಿಗಳನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಹರಡಿ, ಕಾಯುತ್ತಿದ್ದ ವಿಮಾನಕ್ಕೆ ಹೊರಡುವಂತೆ ಕೈಬೀಸಿದನು. ಉಳಿದವರನ್ನು ಹೊತ್ತು ಅದು ಹೊರಟುಹೋಯಿತು.

"ಎಂಥಾ ಕೆಲಸ ಮಾಡಿದ್ರಿ ಭಾವ! ಅವರು ಕಟ್ಟಿದ್ದನ್ನ ಬೇರೆಯವರು ಮುಟ್ಟಿದ್ರೆ, ಪೂರ್ತಿ ಬಿಚ್ಚಿ ಮೊದಲಿನಿಂದ ಕಟ್ಟಬೇಕಂತೆ. ಮೋಡ ಬೇರೆ ಏಳ್ತಿದೆ. ಇನ್ನೊಂದು ಸಲ ವಿಮಾನ ಹೋದ್ರೆ ಹೋಯ್ತು, ಇಲ್ಲದಿದ್ರೆ ಇಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಂಡತಿ ಬೆಂಚಿನ ಮೇಲೆ ಕುಳಿತು ನೆಲ ನೋಡುತ್ತಿದ್ದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಕೆಂಪುಗಡ್ಡ ಒಂದೊಂದು ಹೊಲಿಗೆಯ ಮೇಲೂ ಬೆರಳಾಡಿಸುತ್ತ, ಒಂದೊಂದು ಕೊಕ್ಕೆಯನ್ನೂ ಜಗ್ಗುತ್ತ, ನಡುನಡುವೆ ಗಂಟಣ್ಣನತ್ತ ಓರೆಗಣ್ಣು ಹಾಯಿಸುತ್ತಿದ್ದನು. ಇವನು ಮತ್ತೇನಾದರೂ ಮುಟ್ಟಿದ್ದಾನೋ ಎಂಬ ನೋಟ. ಆ ನೋಟವನ್ನು ಗಂಟಣ್ಣ ಲೋಕದ ಮೇಲೆಲ್ಲ ಬೀರಿದ್ದವನು. ತನ್ನ ಮೇಲೆ ಬಿದ್ದದ್ದು ಇದೇ ಮೊದಲು.

"ಮೈದುನಾ, ಅವನಿಗೆ ಹೇಳು, ತಪ್ಪು ನನ್ನದು. ಅವನೇ ಕಟ್ಟಲಿ. ಬೇಕಾದ್ರೆ ನನ್ನನ್ನ ಆಚೆ ನಿಲ್ಲಿಸ್ಲಿ."

"ಈಗ ನಂಬಿಕೆ ಬಂತಾ?"

"ನಂಬಿಕೆಯೂ ಇಲ್ಲ ಗಿಂಬಿಕೆಯೂ ಇಲ್ಲ. ಅವನು ನನ್ನನ್ನ ನಂಬ್ತಾ ಇಲ್ಲ, ನೋಡು. ಅಂಥವನ ಕೈಲಿ ಇವಳನ್ನ ಕೊಡಬಹುದು."

ಮೈದುನ ಹೇಳಿದನು. ಕೆಂಪುಗಡ್ಡ ನಗಲಿಲ್ಲ; ಬೇಲಿಯಾಚೆ ಬೆರಳು ತೋರಿಸಿದನು. ಗಂಟಣ್ಣ ಹೋಗಿ ನಿಂತನು.

ಮಧ್ಯಾಹ್ನ ಮೋಡ ಒಡೆಯಿತು. ಪಟ್ಟಿಗಳನ್ನು ಮತ್ತೆ ತೊಟ್ಟ ಹೆಂಡತಿ ವಿಮಾನ ಹತ್ತುವ ಮುನ್ನ ಬೇಲಿಯ ಬಳಿ ಬಂದು, ಬುತ್ತಿಯ ಚೀಲವನ್ನೂ ಕೊಡೆಯನ್ನೂ ಅವನ ಕೈಗಿತ್ತಳು.

"ಇಲ್ಲೇ ಕೂತ್ಕೊಳ್ಳಿ."

"ಇಲ್ಲಿ ಕಾಯೋದೇನಿದೆ? ಗಂಟೆಲ್ಲ ಅವನ ಹತ್ರ ಇದೆ."

"ಏನೂ ಇಲ್ಲ. ಸುಮ್ನೆ ಕೂತು ನೋಡಿ, ಹೇಗಿರುತ್ತೆ ಅಂತ."

ಅವನು ಕುಳಿತನು. ವಿಮಾನ ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಯಿತು. ಬುತ್ತಿಯ ಮುಚ್ಚಳ ತೆಗೆದನು, ಮತ್ತೆ ಮುಚ್ಚಿದನು. "ಅದೇನಾ? ಹಕ್ಕಿಯೇನಾ?" ಎಂದು ಮೈದುನನನ್ನು ಪೀಡಿಸಿದನು. ಹೀಗೆ ಮಾಳಿಗೆಯ ಮೇಲೆ ಕುಳಿತು ಆಕೆ ಬಟಾಣಿಯನ್ನಾದರೂ ಹೇಗೆ ಸುಲಿಯುತ್ತಿದ್ದಳೋ ಎಂದು ಆಗ ಅನ್ನಿಸಿತಂತೆ. ಕೊನೆಗೆ ಆಗಸದಲ್ಲಿ ಒಂದು ಹಳದಿ ಕೊಡೆ ಬಿಚ್ಚಿಕೊಂಡು, ತೂಗಾಡುತ್ತ ಇಳಿದು ಬಂದಿತು.

ಬೆನ್ನಿಗಿದ್ದ ಕೆಂಪುಗಡ್ಡನೊಡನೆ ಆಕೆ ಹುಲ್ಲಿನ ಮೇಲೆ ಕುಳಿತಂತೆಯೇ ಜಾರಿ ಬಂದಳು. ಕೂದಲು ಕೆದರಿತ್ತು, ಕಣ್ಣೀರು ಸುರಿಸುತ್ತಲೇ ನಗುತ್ತಿದ್ದಳು. ಗಂಟಣ್ಣ ಬೇಲಿ ನುಸುಳಿ ಓಡಿದನು. ಓಡಿದವನ ಕೈ ನೇರವಾಗಿ ಆಕೆಯ ಹೆಗಲಿನ ಕೊಕ್ಕೆಗೆ ಹೋಯಿತು.

"ರೀ, ಮುಟ್ಬೇಡಿ! ಅವರು ಕಟ್ಟಿದ್ದು. ಅವರೇ ಬಿಚ್ಚಲಿ."

ಗಂಟಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತನು. ಕೆಂಪುಗಡ್ಡ ಕೊನೆಯ ಕೊಕ್ಕೆಯನ್ನು ಬಿಚ್ಚುವವರೆಗೂ ಕಣ್ಣು ಮಾತ್ರ ಅವನ ಬೆರಳುಗಳ ಮೇಲೆಯೇ ಇದ್ದಿತು.