ವರ್ಸಿನಿಯ ಕೆನ್ನೆಯೊಳಗಿನ ಚಿನ್ನ

ಮಲೇಷ್ಯಾದ ಕ್ಲಾಂಗ್ ಬಂದರಿನ ಹಿಂದಿನ ಸಂತೆಬೀದಿಯಲ್ಲಿ ವರ್ಸಿನಿಯ ಅನ್ನದಂಗಡಿ ಗೊತ್ತಿಲ್ಲದ ಜಾವಾದವರು ಇರಲಿಲ್ಲ. ಬೇಯಿಸಿದ ಸೊಪ್ಪು, ಮೊಳಕೆಕಾಳು, ಮೇಲೆ ಖಾರದ ಶೇಂಗಾ ಗೊಜ್ಜು, ಪಕ್ಕದಲ್ಲಿ ಹುದುಗಿಸಿ ಕರಿದ ಸೋಯಾಕಾಳಿನ ತೆಂಪೆ. ಅದನ್ನೇ ಇನ್ನೂ ನಾಲ್ಕಾರು ಜನ ಮಾರುತ್ತಿದ್ದರು. ಆದರೂ ಬಂದರಿನಲ್ಲಿ ಮೂಟೆ ಹೊರುವವರು, ಕೈಗವಸಿನ ಕಾರ್ಖಾನೆಯ ಹುಡುಗಿಯರು ಆ ಅಂಗಡಿಗಳನ್ನೆಲ್ಲ ದಾಟಿಕೊಂಡು ಇವಳ ಬೆಂಚಿಗೇ ಬಂದು ಕೂರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ಮುಖ ಮಾತ್ರ ಈಗಷ್ಟೇ ತೊಳೆದಿಟ್ಟ ಹಿತ್ತಾಳೆ ತಂಬಿಗೆಯ ಹಾಗಿತ್ತು.

“ಅಕ್ಕ, ಮುಖಕ್ಕೆ ಏನು ಹಚ್ತೀಯಾ, ನಮಗೂ ಹೇಳು” ಎಂದು ಹುಡುಗಿಯರು ಕಾಡಿದರೆ, “ಒಲೆ ಹೊಗೆ ಕಣ್ರೇ. ಬನ್ನಿ, ನಾಳೆಯಿಂದ ನೀವೇ ಊದಿ” ಅನ್ನುತ್ತಿದ್ದಳು.

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಸುಮಾತ್ರಾಕ್ಕೆ ಹೋದ ವರ್ಷ ಅವಳು ಮಗಳು ವೆನಿಂಗ್‌ಳನ್ನು ಜಾವಾದ ಬ್ಲೋರಾದಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಸಮುದ್ರ ದಾಟಿ ಬಂದಿದ್ದಳು. ಮಗಳಿಗೆ ಈಗ ಇಪ್ಪತ್ತೆರಡು. ಇಲ್ಲಿ ಅವಳ ಕೋಣೆಯಲ್ಲಿ ಜೊತೆಗಿದ್ದವಳು ಯಾತ್ಮಿ. ಐದು ಹೊತ್ತೂ ನಮಾಜು ತಪ್ಪಿಸದವಳು, ಬಾಯಿ ಜೋರು, ಮನಸ್ಸು ಒಳ್ಳೆಯದು.

ಎಡಗಿವಿಯ ಕೆಳಗಿನ ಗಂಟನ್ನು ಮೊದಲು ಕಂಡವಳು ಯಾತ್ಮಿಯೇ.

“ಏನದು, ಗೋಲಿ ನುಂಗಿ ಅಲ್ಲೇ ಇಟ್ಕೊಂಡಿದೀಯಾ?”

“ಹಲ್ಲುನೋವಿನ ಬಾವು.”

“ನೋವಾಗುತ್ತಾ?”

“ಇಲ್ಲ.”

“ನೋವಿಲ್ಲದ ಬಾವು ಯಾವುದಕ್ಕ?”

ಸರ್ಕಾರಿ ಆಸ್ಪತ್ರೆಯಲ್ಲಿ ಹೊರಗಿನವರಿಗೆ ಬೇರೆ ದರ. ಅದನ್ನು ಕೇಳಿದರೇ ಅರ್ಧ ಕಾಯಿಲೆ ವಾಸಿಯಾಗುತ್ತದೆ ಎಂದು ಬೀದಿಯ ಜಾವಾದವರು ನಗುತ್ತಿದ್ದರು. ಆದರೆ ವರ್ಷಕ್ಕೊಂದು ಭಾನುವಾರ ಸಮುದಾಯ ಭವನದಲ್ಲಿ ಧರ್ಮಸಂಸ್ಥೆಯವರು ತಪಾಸಣೆ ಇಡುತ್ತಿದ್ದರು. ಹತ್ತು ರಿಂಗಿಟ್ ಕೊಟ್ಟರೆ ರಕ್ತ, ಸಕ್ಕರೆ, ಬಿಪಿ, ಕಣ್ಣು ಎಲ್ಲ ನೋಡುವರು, ವೀಸಾ ಕೇಳುತ್ತಿರಲಿಲ್ಲ. ಯಾತ್ಮಿ ಅವಳನ್ನು ಎಳೆದುಕೊಂಡೇ ಹೋದಳು.

ಡಾಕ್ಟರು ಸೆಲ್ವರಾಣಿ ಎಂಬ ತಮಿಳು ಹೆಂಗಸು. ಗಂಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಅವರ ಮುಖದ ನಗು ಹೋಯಿತು.

“ಮಕ್‌ಚಿಕ್,” ಎಂದು ಮಲಯ ಮಾತಿನಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದರು. “ತಲೆಯ ಎಕ್ಸ್‌ರೇ ಬೇಕು. ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಸ್ನೇಹಿತರ ಹಲ್ಲಿನ ಕ್ಲಿನಿಕ್ ಇದೆ. ನಾನು ಕಳಿಸಿದೆ ಅಂದ್ರೆ ಸಾಕು, ಕಡಿಮೆಗೆ ತೆಗೀತಾರೆ. ನಾಳೆನೇ ಹೋಗಿ.”

ಎಕ್ಸ್‌ರೇ ಅಂದ ಕೂಡಲೇ ವರ್ಸಿನಿ ಕೈ ಎತ್ತಿ ಕೆನ್ನೆ ಮುಚ್ಚಿಕೊಂಡಳು.

ಸಮುದ್ರ ದಾಟುವ ಮುಂಚೆ ಊರಿನ ಮಂತ್ರಗಾರ ಕಾರ್ತೊ ಅಜ್ಜ ಅವಳ ಎರಡು ಕೆನ್ನೆಗೂ ಗದ್ದಕ್ಕೂ ಚಿನ್ನದ ಸೂಜಿ ಇಳಿಸಿದ್ದ. ಕೂದಲಿನಷ್ಟು ತೆಳ್ಳಗಿನವು. ಮಂತ್ರ ಹೇಳಿ ಹೆಬ್ಬೆರಳಿನಿಂದ ಒತ್ತಿದ, ಒಳಗೆ ಹೋದವು, ಒಂದು ಹನಿ ರಕ್ತವೂ ಬರಲಿಲ್ಲ. “ಇನ್ನು ನಿನ್ನ ಮುಖ ನೋಡಿದವನು ಮತ್ತೊಬ್ಬರ ಹತ್ತಿರ ಹೋಗೋದಿಲ್ಲ. ಆದರೆ ಒಂದು ನೆನಪಿರಲಿ, ಇವು ಒಳಗಿರೋವರೆಗೂ ಜೀವ ಸಲೀಸಾಗಿ ಹೋಗೋದಿಲ್ಲ. ಮುದಿಯಾದಾಗ ಬಾ, ತೆಗೀತೀನಿ” ಅಂದಿದ್ದ. ಅವಳು ಮುದಿಯಾಗುವ ಮುಂಚೆ ಅವನೇ ಸತ್ತ. ಹೀಗೆ ಸೂಜಿ ಉಳಿಸಿಕೊಂಡ ಒಬ್ಬಳನ್ನು ವರ್ಸಿನಿ ಚಿಕ್ಕಂದಿನಲ್ಲಿ ಕಂಡಿದ್ದಳು. ಅನ್ನ ನೀರು ಬಿಟ್ಟು, ಮೈ ಕಪ್ಪಾಗಿ, ಉಸಿರು ಮಾತ್ರ ಬಿಡದೆ ಚಾಪೆಯ ಮೇಲೆ ಬಿದ್ದಿದ್ದಳು. ಮನೆಯವರು ಹತ್ತಿರ ಹೋಗಲು ಹೆದರುತ್ತಿದ್ದರು.

ಎಕ್ಸ್‌ರೇಯಲ್ಲಿ ಸೂಜಿ ಕಾಣುತ್ತದೆ. ಯಾತ್ಮಿಗೆ ಅದು ದೇವರಿಗೆ ಎರಡು ಬಗೆಯುವ ಕೆಲಸ. ಅವಳಿಗೆ ತಿಳಿದರೆ ಬೀದಿಗೆಲ್ಲ ತಿಳಿದ ಹಾಗೆ.

ವರ್ಸಿನಿ ಕ್ಲಿನಿಕ್ಕಿಗೆ ಹೋಗಲಿಲ್ಲ. ಪಕ್ಕದ ಕಾಪಾರ್ ಕಡೆ ಇಂಥ ಸೂಜಿ ತೆಗೆಯುತ್ತಿದ್ದ ಮಂತ್ರಗಾರ ಕಸಾನ್ ಅಜ್ಜನ ಹತ್ತಿರ ಗುಟ್ಟಾಗಿ ಹೋದಳು.

ಅಜ್ಜ ಗಂಟು ಮುಟ್ಟಿ ತಲೆಯಾಡಿಸಿದ. “ಸೂಜಿ ಸಿಟ್ಟಾಗಿದೆ ಮಗಳೇ. ಹಾಕಿದವನು ಸತ್ತನಲ್ಲ, ಯಜಮಾನನಿಲ್ಲದ ನಾಯಿ ಹಾಗೆ ಸುತ್ತಾಡಿ ಅಲ್ಲಿ ಗಂಟು ಕಟ್ಟಿದೆ. ಸೂಜಿ ಹೋದ್ರೆ ಗಂಟೂ ಹೋಗುತ್ತೆ.”

ವಾರಕ್ಕೊಮ್ಮೆ ನುಗ್ಗೆಸೊಪ್ಪು ಜಜ್ಜಿ ಮುಖಕ್ಕೆ ಬಳಿದ, ಅದರ ನೀರು ಕುಡಿಸಿದ. ಸೂಜಿಯ ಶಕ್ತಿಗೆ ನುಗ್ಗೆಗಿಂತ ದೊಡ್ಡ ವಿಷ ಇಲ್ಲ ಎಂಬುದು ಅವರ ಕಡೆಯ ನಂಬಿಕೆ. ಗಂಟು ಗೋಲಿಯಿಂದ ನಿಂಬೆಯಾಯಿತು. “ಕರಗೋ ಮುಂಚೆ ಉಬ್ಬುತ್ತೆ” ಅಂದ ಅಜ್ಜ. ಅವಳು ನಂಬಿದಳು. ಸೆರಗಿನಂತೆ ತಲೆವಸ್ತ್ರ ಎಳೆದು ಕಟ್ಟಿ ಅನ್ನ ಬಡಿಸಿದಳು. ಮಳೆಗಾಲ ಕಳೆದು ರಂಜಾನ್ ಬಂತು. ಕೊನೆಗೆ ಒಂದು ದಿನ ಅಜ್ಜ ಬಾಳೆಲೆಯ ಮೇಲೆ ತುಕ್ಕಿನಂಥ ಏನನ್ನೋ ತೋರಿಸಿ, “ನೋಡು, ಬಂದುಬಿಟ್ಟವು” ಎಂದ.

ಆ ಸಂಜೆ ವರ್ಸಿನಿ ಬಹಳ ಹಗುರಾಗಿದ್ದಳು. “ಯಾತ್ಮಿ, ನಾಳೆ ಎಕ್ಸ್‌ರೇಗೆ ಹೋಗೋಣ, ನೀನೂ ಬಾ” ಎಂದಳು.

“ಅಬ್ಬಾ, ಮಹಾರಾಣಿಗೆ ಇವತ್ತು ಬುದ್ಧಿ ಬಂತಾ!”

ಯಂತ್ರ ತಲೆಯ ಸುತ್ತ ಒಂದು ಸುತ್ತು ತಿರುಗಿತು, ಅಷ್ಟೆ. ಡಾಕ್ಟರು ಸೆಲ್ವರಾಣಿಯೂ ಅಲ್ಲಿಗೆ ಬಂದಿದ್ದರು. ಪರದೆಯ ಮೇಲೆ ಹಲ್ಲು, ದವಡೆ, ಕಣ್ಣಿನ ಗುಳಿ ಎಲ್ಲ ಬೂದುಬಣ್ಣದಲ್ಲಿ ಎದ್ದವು. ಅದರ ನಡುವೆ ಎರಡು ಕೆನ್ನೆಯಲ್ಲೂ ಗದ್ದದಲ್ಲೂ ಬೆಳ್ಳಗೆ, ಚುರುಕಾಗಿ, ಹಾಕಿದ ದಿನದಷ್ಟೇ ನೆಟ್ಟಗೆ ಸೂಜಿಗಳು ಹೊಳೆಯುತ್ತಿದ್ದವು. ಒಂದೂ ಕದಲಿರಲಿಲ್ಲ.

ಯಾತ್ಮಿ ದೇವರ ಹೆಸರು ಹೇಳಿ ಒಂದು ಹೆಜ್ಜೆ ಹಿಂದೆ ಸರಿದಳು.

ಡಾಕ್ಟರ ಬೆರಳು ಸೂಜಿಗಳ ಹತ್ತಿರ ಹೋಗಲೇ ಇಲ್ಲ. ಕಿವಿಯ ಕೆಳಗೆ ನಿಂತಿತು. ಅಲ್ಲಿ ದವಡೆಯ ಅಂಚನ್ನು ಇಲಿ ಕಚ್ಚಿದ ಹಾಗಿತ್ತು.

“ಇಂಥವು ನಾನು ತುಂಬ ನೋಡಿದೀನಿ ಮಕ್‌ಚಿಕ್, ಅವು ಏನೂ ಮಾಡಲ್ಲ. ಇದು ನೋಡಿ, ಇದು ಮೂಳೆಗೆ ಹೋಗಿದೆ. ಅವತ್ತೇ ಬಂದಿದ್ರೆ…” ಎಂದು ನಿಲ್ಲಿಸಿದರು. ಆಮೇಲೆ ನಿಧಾನಕ್ಕೆ ಹೇಳಿದರು. ದೊಡ್ಡಾಸ್ಪತ್ರೆಯಲ್ಲಿ ಕೊಯ್ಯಬೇಕು, ಖರ್ಚಿನಲ್ಲಿ ಒಂದು ಪಾಲು ಸಂಸ್ಥೆ ಕೊಡುತ್ತದೆ, ಮುಖದ ನರ ಆ ಗಂಟಿನೊಳಗೇ ಹಾದುಹೋಗಿದೆ. “ಜೀವ ಉಳಿದ್ರೂ ಎಡಗಡೆ ಮುಖ ಜೋತುಬೀಳಬಹುದು. ಮಾತು ತೊದಲಬಹುದು.”

“ಆ ಸೂಜಿಗಳು?”

“ಗಂಟಿನ ಹತ್ತಿರದ್ದು ಬಂದ್ರೆ ಬರುತ್ತೆ. ಮಿಕ್ಕಿದ್ದಕ್ಕೆ ಯಾರೂ ಕೈ ಹಾಕಲ್ಲ.”

ಬಸ್ಸಿಗೆ ಕಾಯುವಾಗ ಯಾತ್ಮಿ ಬೆಂಚಿನ ಆ ತುದಿಯಲ್ಲಿ ಕೂತಳು. ವರ್ಸಿನಿ ಸೂಜಿಯಿಂದ ಹಿಡಿದು ಕಸಾನ್ ಅಜ್ಜನ ಸೊಪ್ಪಿನವರೆಗೆ ಎಲ್ಲ ಹೇಳಿದ ಮೇಲೆ ಕೇಳಿದಳು.

“ಅಂದ್ರೆ ಇಷ್ಟು ವರ್ಷ ಜನ ಬಂದಿದ್ದು ನಿನ್ನ ಗೊಜ್ಜಿಗಾ, ಆ ಸೂಜಿಗಾ?”

“ನನಗೇ ಗೊತ್ತಿಲ್ಲ ಕಣೇ. ಅದನ್ನ ತಿಳ್ಕೊಳ್ಳೋಕೂ ಹೆದರಿಕೆ ಆಗ್ತಿತ್ತು.”

“ಥೂ ನಿನ್ನ!” ಅಂದಳು ಯಾತ್ಮಿ. ಅಳು ಬಂದಿತ್ತು. “ಆ ಮುದುಕ ಬಳಿದ ಸೊಪ್ಪು ಒಣಗೋದನ್ನ ಕಾಯ್ತಾ ಕೂತಿದ್ಯಲ್ಲ. ನನಗೆ ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ? ಎರಡು ದಿನ ಬೈತಿದ್ದೆ. ಆಮೇಲೆ ಕರ್ಕೊಂಡು ಹೋಗ್ತಿದ್ದೆ.”

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಧ್ಯಾಹ್ನ ವರ್ಸಿನಿ ಬ್ಲೋರಾಕ್ಕೆ ಫೋನು ಮಾಡಿದಳು. ನಾಲಿಗೆ ನೆಟ್ಟಗಿರುವಾಗಲೇ ಹೇಳಿಬಿಡಬೇಕು ಅನ್ನಿಸಿತ್ತು. ತಾನು ಹೋಗಬೇಕಾಗಿ ಬಂದಾಗ ಉಸಿರು ಸಿಕ್ಕಿಕೊಂಡರೆ, ಯಾಕೆ ಎಂದು ಮಗಳಿಗಾದರೂ ಗೊತ್ತಿರಬೇಕು. ಕಾರ್ತೊ ಅಜ್ಜ, ಸೂಜಿ, ಗಂಟು, ಕಸಾನ್, ದಂಡವಾಗಿ ಹೋದ ತಿಂಗಳುಗಳು ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

ಆ ಕಡೆಯಿಂದ ಕೋಳಿ ಕೂಗುವುದು ಮಾತ್ರ ಕೇಳುತ್ತಿತ್ತು.

“ವೆನಿಂಗ್? ಕೇಳಿಸ್ತಾ ಇದೆಯಾ?”

“ಅಮ್ಮ.”

“ಹೇಳು.”

“ನಾನೂ ಮುಂದಿನ ತಿಂಗಳು ಅಲ್ಲಿಗೆ ಬರೋದು ಅಂತ ಆಗಿತ್ತಲ್ಲ…”

“ಹೂಂ.”

“ಕಾರ್ತೊ ಅಜ್ಜನ ಮಗ ಈಗ ಅದೇ ಕೆಲಸ ಮಾಡ್ತಾನೆ. ಅಜ್ಜಿನೇ ಕರ್ಕೊಂಡು ಹೋಗಿ ನನಗೂ ಹಾಕಿಸಿದ್ಲು. ನಿನ್ನ ಅಮ್ಮನಿಗೆ ಎಷ್ಟು ಒಳ್ಳೇದಾಯ್ತು ನೋಡು ಅಂದ್ಲು.”

ವರ್ಸಿನಿ ಫೋನನ್ನು ಗಂಟಿಲ್ಲದ ಕಿವಿಗೆ ಬಿಗಿಯಾಗಿ ಒತ್ತಿಕೊಂಡಳು.

“ಎಲ್ಲೆಲ್ಲಿ?” ಎಂದು ಕೇಳಿದಳು.